ಹನ್ನೆರಡನೆಯ ಹೆಸರು

"ಮೂವತ್ತೈದಾದ್ರ ಏನಾತು? ಚೆಂಡಿಗೇನು ಆಕಿ ವಯಸ್ಸು ಗೊತ್ತಾಗ್ತದ?"

ರತ್ನಮ್ಮ ಮೇಜಿನ ಮೇಲೆ ಕೈ ಬಡಿದ ರಭಸಕ್ಕೆ ತೆಹ್ ತಾರಿಕ್ ಚಹಾದ ಲೋಟದಿಂದ ನೊರೆ ಚೆಲ್ಲಿ ರೊಟ್ಟಿಯ ತಟ್ಟೆಗೆ ಇಳಿಯಿತು.

"ಚೆಂಡಿಗೆ ಗೊತ್ತಾಗಲ್ಲ ಆಂಟಿ, ಮಂಡಿಗೆ ಗೊತ್ತಾಗತ್ತೆ," ಎಂದ ಕೌಸ್ತುಭ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ಪೆಟಾಲಿಂಗ್ ಜಯಾದ ಆ ಮಾಮಕ್ ರೊಟ್ಟಿ-ಚಹಾ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ಎರಡು ಮೇಜು ಜೋಡಿಸಿಕೊಂಡು ಐವರು ಕೂತಿದ್ದರು. ಮಹಿಳಾ ಹಾಕಿ ಲೀಗಿಗೆ ಈ ವರ್ಷ ಏಳನೆಯ ತಂಡವೊಂದು ಸೇರುತ್ತಿತ್ತು. ಹೆಸರು ಕ್ಲಾಂಗ್ ಹೆಲಾಂಗ್, ಅಂದರೆ ಮಲಯ ಭಾಷೆಯಲ್ಲಿ ಕ್ಲಾಂಗಿನ ಹದ್ದು. ಹಳೆಯ ಆರು ತಂಡಗಳು ತಲಾ ಹನ್ನೊಂದು ಆಟಗಾರ್ತಿಯರನ್ನು ಮಾತ್ರ ಉಳಿಸಿಕೊಳ್ಳಬಹುದು; ಬಿಟ್ಟುಕೊಟ್ಟವರ ಪಟ್ಟಿಯಿಂದ ಹೊಸ ತಂಡ ಹನ್ನೆರಡು ಮಂದಿಯನ್ನು ಎತ್ತಿಕೊಳ್ಳಬೇಕು. ಹನ್ನೊಂದು ಹೆಸರನ್ನು ಕೋಚ್ ಸಲ್ಮಾ ಬರೆದಾಗಿತ್ತು. ಉಳಿದದ್ದು ಗೋಲ್‌ಕೀಪರ್ ಜಾಗ. ಇಬ್ಬರ ಹೆಸರು ಕೊಟ್ಟು, ಯಾರಾದರೂ ತನಗೆ ಸರಿ, ಅತಿ ಹೆಚ್ಚು ಸೀಸನ್ ಟಿಕೆಟ್ ಕೊಂಡ ಅಭಿಮಾನಿ ಗುಂಪೇ ಆರಿಸಲಿ ಎಂದು ಆಕೆ ಹೇಳಿಬಿಟ್ಟಿದ್ದಳು.

ಆ ಗುಂಪು ಕನ್ನಡದವರದ್ದಾಗಿತ್ತು. ಅದಕ್ಕೆ ಕಾರಣ ರತ್ನಮ್ಮ ಒಬ್ಬರೇ. ಗದಗಿನ ಕಾಲೇಜು ತಂಡದಲ್ಲಿ ಮುಂಚೂಣಿಯ ರೈಟ್ ಇನ್ ಜಾಗದಲ್ಲಿ ಆಡಿದ್ದ ಅವರು ಮಗಳ ಮನೆಗೆಂದು ಬಂದು ಐದು ವರ್ಷವಾಗಿತ್ತು. ಅರವತ್ತಾರರ ಈ ಹೆಂಗಸು ಯುಗಾದಿ ಊಟದ ಸಾಲಿನಲ್ಲಿ, ಮಕ್ಕಳ ಡ್ಯಾನ್ಸ್ ಕ್ಲಾಸಿನ ಬಾಗಿಲಲ್ಲಿ, ಲಿಫ್ಟಿನೊಳಗೆ, ಸಿಕ್ಕಿದವರನ್ನೆಲ್ಲ ಹಿಡಿದು ಒಟ್ಟು ಅರವತ್ತನಾಲ್ಕು ಟಿಕೆಟ್ ಕೊಳ್ಳುವಂತೆ ಮಾಡಿದ್ದರು. ಮೂರು ಗಂಟೆಯೊಳಗೆ ಹೆಸರು ಮುಟ್ಟಿಸಬೇಕು, ನಾಲ್ಕಕ್ಕೆ ಕ್ಲಾಂಗಿನ ಮೈದಾನದಲ್ಲಿ ಘೋಷಣೆ.

ಇಬ್ಬರಲ್ಲಿ ಒಬ್ಬಳು ಶಾ ಆಲಂ ತಂಡ ಕೈಬಿಟ್ಟಿದ್ದ ಜಲೇಹಾ. ಹದಿನಾಲ್ಕು ವರ್ಷದ ಅನುಭವ, ಒಮ್ಮೆ ಶಸ್ತ್ರಚಿಕಿತ್ಸೆಯಾದ ಬಲ ಮಂಡಿ. ಇನ್ನೊಬ್ಬಳು ಪೆಟಾಲಿಂಗ್ ಜಯಾ ತಂಡದ ಎರಡನೆಯ ಕೀಪರ್ ಶರಣ್ಯಾ, ಇಪ್ಪತ್ನಾಲ್ಕು ವರ್ಷ. ಅವಳ ತಂದೆ ದಾಮೋದರ ಆ ಮೇಜಿನ ತುದಿಯಲ್ಲಿ ರೊಟ್ಟಿಯನ್ನು ಚೂರು ಮಾಡುತ್ತ, ಒಂದನ್ನೂ ಬಾಯಿಗಿಡದೆ ಕೂತಿದ್ದ.

ಕ್ಲಾಂಗ್ ಬಂದರಿನ ಹಡಗು ಏಜೆನ್ಸಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಮಂಗಳೂರಿನ ಮನುಷ್ಯ ಅವನು. ಮೂರು ಸೀಸನ್ನಿನಲ್ಲಿ ಮಗಳಿಗೆ ಆಡಲು ಸಿಕ್ಕಿದ್ದು ಒಂಬತ್ತೇ ಪಂದ್ಯ. ಒಂಬತ್ತಕ್ಕೂ ಅವನು ಗೋಲಿನ ಬಲೆಯ ಹಿಂದೆ ಫೋನ್ ಹಿಡಿದು ನಿಂತಿದ್ದ. ಇವತ್ತು ಬೆಳಿಗ್ಗೆ ಕಾರಿನಲ್ಲಿ ಅವಳನ್ನು ಜಿಮ್ಮಿಗೆ ಬಿಡುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ್ದಳು.

"ಪಪ್ಪಾ, ಇನ್ನೊಂದು ವರ್ಷ ಬೆಂಚ್ ಆದ್ರೆ ಐ ವಿಲ್ ಸ್ಟಾಪ್. ನಾನು ಕೋಪದಲ್ಲಿ ಹೇಳ್ತಿಲ್ಲ."

"ಇವತ್ತು ನೋಡುವ ಮಗಾ. ಅವರೆಲ್ಲ ನಮ್ಮವರೇ."

"ಅದೇ ಪ್ರಾಬ್ಲಮ್." ಅವಳು ಇಳಿದು ಬಾಗಿಲು ಹಿಡಿದುಕೊಂಡೇ ಬಗ್ಗಿದಳು. "ಡೋಂಟ್ ಸೆಲ್ ಮಿ ಲಾ. ಜಸ್ಟ್ ಸೇ ವಾಟ್ ಯು ಸಾ."

ಈಗ ಮೇಜಿನಲ್ಲಿ ಮಾತು ಕಾವೇರಿತ್ತು. ಬೆಂಗಳೂರಿನ ಸಂಜಯ್, ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿಯೇ ಇರದವನು, ಕಳೆದ ಎರಡು ತಿಂಗಳಲ್ಲಿ ಎಲ್ಲರಿಗಿಂತ ಜೋರಾಗಿ ಹಾಕಿ ಮಾತಾಡುವವನಾಗಿದ್ದ. "ನಮ್ಮ ಹುಡುಗಿ ಲಿಸ್ಟಲ್ಲಿ ಇರುವಾಗ ಡಿಸ್ಕಷನ್ನೇ ಯಾಕೆ ಗುರು? ಬರ್ದು ಕೊಡೋಣ, ತಟ್ಟೇಲಿರೋ ಮಕಾನ್ ಮುಗಿಸೋಣ, ಹೋಗೋಣ."

"ನಮ್ಮ ಹುಡುಗಿ ಅಂತ ಗೋಲ್ ಹೊಡೆಯುವವರು ಬಿಡ್ತಾರಾ ಮಾರಾಯ್ರೆ?" ಎಂದರು ಡಾಕ್ಟರ್ ವಾರಿಜಾಕ್ಷಿ. ಉಡುಪಿಯವರು, ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುವವರು. "ಜಲೇಹಾ ನಡೆಯುದು ನಾನು ನೋಡಿದ್ದೇನೆ. ಆ ಮಂಡಿ ಈ ವರ್ಷಕ್ಕೆ ಸಾಕು. ಮುಂದಿನ ವರ್ಷದ್ದು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

"ನಂಬರ್ಸ್ ನೋಡಿ." ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ಕೌಸ್ತುಭ ಲ್ಯಾಪ್‌ಟಾಪ್ ಎಲ್ಲರ ಕಡೆಗೆ ತಿರುಗಿಸಿದ. "ಶರಣ್ಯಾ ನೂರು ಹೊಡೆತಕ್ಕೆ ಎಂಬತ್ತೊಂದು ತಡೀತಾಳೆ. ಜಲೇಹಾ ಎಪ್ಪತ್ತಾರು. ಮುಗೀತು."

"ಏ ತಮ್ಮಾ, ಎಂತಾ ಹೊಡತ, ಯಾರ ಹೊಡತ ಅನ್ನೂದು ನಿನ್ನ ಡಬ್ಬಿಯೊಳಗ ಅದ ಏನು?" ರತ್ನಮ್ಮ ಬಿಡಲಿಲ್ಲ. "ಪೆನಾಲ್ಟಿ ಕಾರ್ನರ್‌ಗೆ ಜಲೇಹಾ ಎರಡ ಬೆರಳ ತೋರಿಸಿದ್ರ ಸಾಕು, ನಾಕೂ ಮಂದಿ ಡಿಫೆಂಡರ್ಸ್ ಹೆಂಗ ಸರೀತಾರ ನೋಡೀಯೇನು? ಅದು ಅನುಭವ."

ಪಕ್ಕದ ಮೇಜಿನಲ್ಲಿ ದಿನಪತ್ರಿಕೆ ಓದುತ್ತಿದ್ದ ಮುದುಕ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡ. ಭಾಷೆ ಅರ್ಥವಾಗದಿದ್ದರೂ ಜಗಳ ಹಾಕಿಯದ್ದೆಂದು ಅವನಿಗೆ ಗೊತ್ತಾಗಿತ್ತು.

ದಾಮೋದರ ಕುರ್ಚಿ ಹಿಂದೆ ತಳ್ಳಿದ. "ನಾನು ಹೊರಗೆ ಇರ್ತೇನೆ. ನೀವು ನಾಲ್ಕು ಜನ ತೀರ್ಮಾನ ಮಾಡಿ. ನಾನು ಇಲ್ಲಿ ಕೂತ್ರೆ ಸರಿ ಆಗುದಿಲ್ಲ."

"ಕೂಡ್ರಿ," ಎಂದರು ರತ್ನಮ್ಮ. "ನೀವ ಹ್ವಾದ್ರ ನಾವು ನಾಕ ಮಂದಿ. ಎರಡೆರಡಾದ್ರ ಏನ ಮಾಡೂದು, ಚೀಟಿ ಎತ್ತೋದೇನು?"

"ಅಂಕಲ್ ಓಟು ಯಾರಿಗೆ ಅಂತ ಗೊತ್ತಿರೋದೇ ಬಿಡಿ," ಎಂದು ಸಂಜಯ್ ನಕ್ಕ. ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ದಾಮೋದರನ ಕಿವಿ ಬಿಸಿಯಾಯಿತು. ಅವನು ಮತ್ತೆ ಕೂತ.

ಡಾಕ್ಟರ್ ಅವನತ್ತ ತಿರುಗಿದರು. "ದಾಮೋದರರೇ, ನಾವೆಲ್ಲ ದೂರ ಗ್ಯಾಲರಿಯಿಂದ ನೋಡಿದವರು. ಹತ್ತಿರದಿಂದ ನೋಡಿದ್ದು ನೀವೊಬ್ಬರೇ. ನಿಮಗೆ ಎಂತ ಕಂಡಿದೆ ಅದು ಹೇಳಿ."

ಹೊಗಳಲು ಅವನಲ್ಲಿ ಬೇಕಾದಷ್ಟಿತ್ತು. ಮಗಳು ಬೆಳಗಿನ ಐದೂವರೆಗೆ ಏಳುವುದು, ಫಾರ್ಮಸಿಯ ಪಾಳಿ ಮುಗಿಸಿ ಬಸ್ಸಿನಲ್ಲಿ ಕಿಟ್ ಹೊತ್ತು ಹೋಗುವುದು. ಅವನ್ನೆಲ್ಲ ನುಂಗಿಕೊಂಡು ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

"ಒಂಬತ್ತು ಮ್ಯಾಚಲ್ಲಿ ಹದಿನೇಳು ಗೋಲ್ ಆಗಿದೆ," ಎಂದ. "ಅದರಲ್ಲಿ ಹನ್ನೊಂದು ಅವಳ ಎಡಗಾಲಿನ ಬದಿಯಲ್ಲಿ, ಕೆಳಗೆ. ಅವಳು ಬೇಗ ಬೀಳ್ತಾಳೆ. ಹೊಡೆಯುವವಳು ಕೋಲು ಎತ್ತುವ ಮೊದಲೇ ಇವಳು ಬಲಕ್ಕೆ ಬಿದ್ದಾಗಿರ್ತದೆ. ಎಂಬತ್ತೊಂದು ಅಂತ ಕೌಸ್ತುಭ ಹೇಳಿದ್ದು ಹೌದು. ಆದ್ರೆ ಒಂಬತ್ತರಲ್ಲಿ ಆರು ಮ್ಯಾಚು ಲೀಗಿನ ಕಡೆಯ ಎರಡು ತಂಡಗಳ ಮೇಲೆ. ದೊಡ್ಡ ತಂಡ ಬಂದಾಗ ಅವಳನ್ನು ಆಡಿಸುದಿಲ್ಲ."

ಒಳಗೆ ಕಾವಲಿಯ ಮೇಲೆ ರೊಟ್ಟಿ ಹಿಟ್ಟು ಬಡಿಯುವ ಸದ್ದು ಜೋರಾಗಿ ಕೇಳಿಸಿತು. ಕೌಸ್ತುಭ ತೆರೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. "ಅಂಕಲ್, ಇದು ನನ್ನ ಶೀಟಲ್ಲಿ ಇಲ್ಲವೇ ಇಲ್ಲ," ಎಂದ ಮೆಲ್ಲಗೆ.

"ಹ್ಞೂಂ. ಬಲೆಯ ಹಿಂದೆ ನಿಂತವನಿಗೆ ಕಾಣ್ತದೆ."

ರತ್ನಮ್ಮ ಮಾತ್ರ ಮುಂದಕ್ಕೆ ಬಾಗಿದ್ದರು. ಇಷ್ಟು ಹೊತ್ತು ಜಲೇಹಾಳ ಪರ ಕೂಗಾಡಿದವರ ದನಿ ಇಳಿದಿತ್ತು. "ಗೋಲ ಆದ ಮ್ಯಾಲ ಏನ ಮಾಡ್ತಾಳ್ರಿ ಆಕಿ?"

"ಅಂದ್ರೆ?"

"ಚೆಂಡು ಒಳಗ ಹೋತು. ಆಮ್ಯಾಲ? ಡಿಫೆಂಡರ್‌ಗೆ ಬೈತಾಳೋ, ನೆಲಾ ನೋಡ್ತಾಳೋ, ಅಂಪೈರ್ ಕಡೆ ಕೈ ತೋರಸ್ತಾಳೋ?"

ದಾಮೋದರ ಯೋಚಿಸಿದ. "ಚೆಂಡನ್ನು ಬಲೆಯಿಂದ ತಾನೇ ತೆಗೆದು ಕೊಡ್ತಾಳೆ. ಮತ್ತೆ ಎಲ್ಲರ ಹೆಸರು ಕರೀತಾಳೆ. ಒಬ್ಬೊಬ್ಬರದ್ದೇ. ಬೈಲಿಕ್ಕೆ ಅಲ್ಲ, ಸುಮ್ಮನೆ ಹೆಸರು." ಹೇಳಬೇಕೋ ಬೇಡವೋ ಎಂಬಂತೆ ಮುಂದುವರಿಸಿದ. "ಒಮ್ಮೆ ಸೊನ್ನೆಗೆ ಆರು ಗೋಲು ಆಗಿತ್ತು. ಕೊನೆಯ ನಿಮಿಷ. ಜನ ಎಲ್ಲ ಎದ್ದು ಕಾರಿಗೆ ಹೊರಟಿದ್ರು. ಏಳನೆಯದ್ದಕ್ಕೆ ಅವಳು ಹಾರಿ ಗಲ್ಲ ಒಡೆದುಕೊಂಡಳು. ಗೋಲು ಆಗ್ಲಿಲ್ಲ. ಮೂರು ಹೊಲಿಗೆ."

"ಆರು ಆಗಿತ್ತಾ?" ರತ್ನಮ್ಮ ಮತ್ತೆ ಕೇಳಿದರು.

"ಆರು."

ಅವರು ಬೆನ್ನು ಕುರ್ಚಿಗೆ ಆನಿಸಿ ಒಮ್ಮೆ ಉಸಿರು ಬಿಟ್ಟರು. ಆಮೇಲೆ ಮೇಜಿನ ಮೇಲೆ ಮತ್ತೆ ಕೈ ಬಡಿದರು. "ನಾ ಬದಲಾದೆ! ಹೊಸಾ ತಂಡ ಐತಿ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಮೊದಲನೇ ವರ್ಷ ಸೋಲೂದ ಹೆಚ್ಚು. ಲಗೂನ ಬೀಳೂದನ್ನ ಕೋಚ್ ತಿದ್ದಬಹುದು. ಆರು ತಿಂದು ಏಳಕ್ಕ ಹಾರೂದನ್ನ ಯಾವ ಕೋಚೂ ಕಲಸಂಗಿಲ್ಲ."

"ಅಯ್ಯೋ, ನಾನೀಗ ಜಲೇಹಾ ಕಡೆ ಬಂದೆ!" ಸಂಜಯ್ ಎರಡೂ ಕೈ ಎತ್ತಿದ. "ಹನ್ನೊಂದು ಗೋಲ್ ಒಂದೇ ಸೈಡ್ ಅಂದ್ರೆ ಎಲ್ಲಾ ಟೀಮೂ ಅಲ್ಲಿಗೇ ಹೊಡೀತಾರೆ ಆಂಟಿ!"

ಮತ್ತೆ ಗದ್ದಲ. ಕೌಸ್ತುಭ ಹಳೆಯ ಪಂದ್ಯಗಳ ವಿಡಿಯೋ ಹುಡುಕತೊಡಗಿದ, ಡಾಕ್ಟರ್ ಚಮಚದಿಂದ ಮಂಡಿಯ ಕೀಲು ತೋರಿಸಿದರು, ಪಕ್ಕದ ಮೇಜಿನ ಮುದುಕ ತಾಳಲಾರದೆ "ಜಲೇಹಾ! ಜಲೇಹಾ!" ಎಂದು ತನ್ನ ಮತವನ್ನೂ ಸೇರಿಸಿದ. ಕೊನೆಗೆ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯ ಆರ್ಡರ್ ಪುಸ್ತಕದಿಂದ ಐದು ಹಾಳೆ ಹರಿದು ಹಂಚಿದರು.

ದಾಮೋದರ ಪೆನ್ನು ಹಿಡಿದು ಕಣ್ಣು ಮುಚ್ಚಿದ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿದೆ, ಪಂದ್ಯ ಮುಗಿಯಲು ಒಂದು ನಿಮಿಷವಿದೆ, ಗೋಲಿನಲ್ಲಿ ಯಾರಿರಬೇಕು ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಅವನು ಬಯಸುವುದಕ್ಕಿಂತ ಬೇಗ ಬಂತು. ಜಲೇಹಾ ಎಂದು ಬರೆದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಬೆರಳಿನಿಂದ ಗಟ್ಟಿಯಾಗಿ ಒತ್ತಿದ.

ಡಾಕ್ಟರ್ ಎಣಿಸಿದರು. ಜಲೇಹಾ ಎರಡು. ಶರಣ್ಯಾ ಮೂರು.

ಮೈದಾನಕ್ಕೆ ಹೊರಟಾಗ ಹೆದ್ದಾರಿಯಲ್ಲಿ ಕಂಟೇನರ್ ಲಾರಿಗಳ ಸಾಲು. ಹೆಸರು ಸಂದೇಶದಲ್ಲಿ ಹೋಗಿಯಾಗಿತ್ತು, ಆದರೆ ಘೋಷಣೆಗೆ ಮೊದಲು ಯಾರಿಗೂ ಹೇಳಬಾರದೆಂಬ ನಿಯಮ. ಹಿಂದಿನ ಸೀಟಿನಲ್ಲಿ ರತ್ನಮ್ಮ ಒಂದೇ ಸಮನೆ ಮಾತಾಡುತ್ತಿದ್ದರು. ದಾಮೋದರನಿಗೆ ಒಂದೂ ಕೇಳಿಸಲಿಲ್ಲ.

ಗ್ಯಾಲರಿ ಅರ್ಧ ತುಂಬಿತ್ತು. ಆರು ತಂಡಗಳ ಹುಡುಗಿಯರು ತಂತಮ್ಮ ಬಣ್ಣದಲ್ಲಿ ಟರ್ಫಿನ ಅಂಚಿಗೆ ಕೂತಿದ್ದರು. ಕೋಚ್ ಸಲ್ಮಾ ಒಂದೊಂದೇ ಹೆಸರು ಓದಿದಂತೆ ಒಬ್ಬೊಬ್ಬಳು ಎದ್ದು ನಡುವಿನ ವೃತ್ತಕ್ಕೆ ಓಡಿದಳು. ಪೆನಾಲ್ಟಿ ಕಾರ್ನರಿನಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆಯುವ ಹುಡುಗಿಯ ಹೆಸರು ಬಂದಾಗ ಕೌಸ್ತುಭ ಕುರ್ಚಿಯ ಮೇಲೆ ಹತ್ತಿ ನಿಂತ. ಹನ್ನೊಂದಾಯಿತು. ಶರಣ್ಯಾ ಮೊಣಕಾಲಿಗೆ ಗಲ್ಲ ಒತ್ತಿ ನೆಲ ನೋಡುತ್ತಿದ್ದಳು.

"ಪೆಟಾಲಿಂಗ್ ಜಯಾದ ಶರಣ್ಯಾ ದಾಮೋದರ!"

ಅರವತ್ತನಾಲ್ಕು ಟಿಕೆಟ್‌ಗಳೂ ಒಟ್ಟಿಗೆ ಕೂಗಿದವು. ಸಂಜಯ್ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದ. ಶರಣ್ಯಾ ಎದ್ದವಳು ನಡುವೆ ನಿಂತು, ಶಾ ಆಲಂ ತಂಡದ ಸಾಲಿಗೆ ಹೋಗಿ ಜಲೇಹಾಳ ಎದುರು ಕೈ ಚಾಚಿದಳು. ಜಲೇಹಾ ಕೈ ಹಿಡಿಯದೆ ಅವಳ ತಲೆಯನ್ನೇ ಎದೆಗೆ ಎಳೆದುಕೊಂಡು ಬೆನ್ನಿಗೆ ಎರಡು ಸಲ ಬಡಿದಳು.

ಮೊದಲ ಅಭ್ಯಾಸಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕಾಲಿಗೆ ಪ್ಯಾಡ್ ಕಟ್ಟಿಕೊಂಡೇ ಶರಣ್ಯಾ ಬೇಲಿಯ ಬಳಿ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

"ಎಷ್ಟು ಓಟು?"

"ಮೂರು. ಐದರಲ್ಲಿ."

"ನಿಮ್ದೂ ಸೇರಿಸಿ?"

ದಾಮೋದರ ಬೇಲಿಯ ತಂತಿ ಹಿಡಿದುಕೊಂಡ. "ಇಲ್ಲ ಮಗಾ. ನಾನು ಜಲೇಹಾಗೆ ಹಾಕಿದ್ದು."

ಅವಳು ಅವನ ಮುಖವನ್ನೇ ನೋಡಿದಳು. ಅವನಿಗೆ ಕಣ್ಣು ತಪ್ಪಿಸಬೇಕೆನಿಸಿತು, ತಪ್ಪಿಸಲಿಲ್ಲ.

"ಮೂರು," ಎಂದಳು ಅವಳು ನಿಧಾನವಾಗಿ. "ವಿದೌಟ್ ಯು, ಮೂರು." ಆಮೇಲೆ ಅವಳ ಮುಖ ತುಂಬ ನಗು ಹರಡಿತು, ಬೆರಳು ತಂತಿಯೊಳಗಿಂದ ಚಾಚಿ ಅವನ ಗೆಣ್ಣುಗಳನ್ನು ಒಮ್ಮೆ ಹಿಸುಕಿದಳು.

ವಿಸಿಲ್ ಮೊಳಗಿತು. ಹೊಸ ಜೆರ್ಸಿ ಇನ್ನೂ ಬಂದಿರಲಿಲ್ಲ. ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು, ಕಿತ್ತಳೆ, ಆರು ಬಣ್ಣದ ಹನ್ನೆರಡು ಹುಡುಗಿಯರು ಮೈದಾನದ ಸುತ್ತ ಮೊದಲ ಸುತ್ತಿಗೆ ಹೊರಟರು. ಪ್ಯಾಡಿನ ಭಾರಕ್ಕೆ ಶರಣ್ಯಾ ಮೂಲೆಯ ಧ್ವಜ ದಾಟುವಷ್ಟರಲ್ಲೇ ಹಿಂದೆ ಬಿದ್ದಳು. ಮುಂದಿದ್ದವಳೊಬ್ಬಳು ತಿರುಗಿ ನೋಡಿ ಏನೋ ಕೂಗಿದಳು. ಸಾಲು ನಿಧಾನವಾಯಿತು, ಇವಳು ಬಂದು ಸೇರುವವರೆಗೆ ಹನ್ನೊಂದು ಮಂದಿಯೂ ನಿಂತಲ್ಲೇ ಕಾಲು ಕುಣಿಸುತ್ತಿದ್ದರು.