ಕ್ಲಾರಾ ಸಿದ್ದಿಯ ಕಡಲೆಕಾಯಿ ಸಾರು

ಇರಾಕಿನ ಸೈನ್ಯ ಕುವೈತಿಗೆ ಬಂದು ಒಂದೂವರೆ ತಿಂಗಳಾಗಿತ್ತು. ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಭಾರತೀಯರ ಪಟ್ಟಿ ಬರೆಯುವ ಕೆಲಸ ನನಗೆ ಬಿತ್ತು, ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ. ಪಟ್ಟಿಯಲ್ಲಿದ್ದವರಿಗೆ ಅಮ್ಮಾನ್‌ವರೆಗೆ ಬಸ್ಸು, ಅಲ್ಲಿಂದ ಬೊಂಬಾಯಿಗೆ ವಿಮಾನ. ಪಾಸ್‌ಪೋರ್ಟು ಕೆಲಸಕ್ಕೆ ಕರೆಸಿಕೊಂಡ ಧಣಿ, ಕಫೀಲನ ಬಳಿಯೇ ಉಳಿದಿದ್ದವರಿಗೆ ಗುರುತಿನ ಇಬ್ಬರು ಸಹಿ ಹಾಕಿದರೆ ಸಾಕು.

ಎದುರು ಮನೆಯ ನರ್ಸ್ ಫೆಲ್ಸಿ, ಕಾರ್ಕಳದವಳು, ಎಫುವಾ ಎಂಬ ಹುಡುಗಿಯನ್ನು ತಂದಿಟ್ಟುಕೊಂಡಿದ್ದಳು. ಘಾನಾದವಳು, ಮನೆಗೆಲಸಕ್ಕೆ ಬಂದವಳು. ಯಜಮಾನರು ಸೌದಿಗೆ ಓಡುವಾಗ ಅವಳ ಪಾಸ್‌ಪೋರ್ಟನ್ನು ಮರೆಯದೆ ಒಯ್ದು ಅವಳನ್ನು ಮರೆತಿದ್ದರು. ಅವಳ ದೇಶದ ವಿಮಾನದ ಸುದ್ದಿ ಯಾವ ರೇಡಿಯೋದಲ್ಲೂ ಇರಲಿಲ್ಲ. ಕಾಗದವಿಲ್ಲದ ಹೆಂಗಸರನ್ನು ಸಿಪಾಯಿಗಳು ಲಾರಿ ಹತ್ತಿಸಿದ ಕಥೆಗಳನ್ನು ಎಲ್ಲರೂ ಹೇಳುತ್ತಿದ್ದರು. ಎಲ್ಲ ಕಥೆಗಳೂ ಲಾರಿ ಹತ್ತಿಸುವಲ್ಲಿಗೇ ನಿಲ್ಲುತ್ತಿದ್ದವು.

"ಇವಳನ್ನು ಸಿದ್ದಿ ಅಂತ ಬರೀರಿ ಮುನಿಸ್ವಾಮಿಯವ್ರೇ. ಹಳಿಯಾಳದ ಕ್ಲಾರಾ ಸಿದ್ದಿ," ಎಂದಳು ಫೆಲ್ಸಿ. "ಅಲ್ಲಿ ಕಾನ್ವೆಂಟಲ್ಲಿ ನಾನು ನೋಡಿದ್ದೇನೆ ಮಾರಾಯ್ರೆ, ಇವಳ ಹಾಗೇ ಇರ್ತಾರೆ. ನಾನೂರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಲ್ಲಿ ಬಂದವರು."

"ಇವಳು ಸ್ವಲ್ಪ ತಡವಾಗಿ ಬಂದಳು ಅಂತೀರಿ."

"ನಗಬೇಡಿ. ನಾನು ಹಾಕಿದ್ದೇನೆ, ನೀವೂ ಸಹಿ ಹಾಕಿ."

ಹಾಕಿದೆ. ಆ ಸಹಿಯ ಹಿಂದೆ ಒಂದು ಊಟವಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಎಫುವಾ ನೆಲದಲ್ಲಿ ಕುಳಿತು, ಒಳಗೆಲ್ಲ ಗೆರೆ ಕೊರೆದ ಮಣ್ಣಿನ ಬಟ್ಟಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ನಡು ಸಣ್ಣಗಿದ್ದ ಮರದ ಗುಂಡಿನಿಂದ ಮೆಣಸಿನಕಾಯಿ, ಈರುಳ್ಳಿ ಅರೆಯುತ್ತಿದ್ದಳು. ಎರಡೂ ಮೊಣಕೈ ಎತ್ತಿ, ತೊಟ್ಟಿಲು ತೂಗಿದಂತೆ ಗುಂಡನ್ನು ಆಚೀಚೆ ಹೊರಳಿಸುತ್ತಿದ್ದಳು.

"ಹಾಗಲ್ಲ ಮಾರಾಯ್ತಿ, ಸುತ್ತಿಸಬೇಕು," ಎಂದು ಫೆಲ್ಸಿ ಕೈ ತಿರುಗಿಸಿ ತೋರಿಸಿದಳು.

"ನಿನ್ನ ಸಾರಿಗೆ ನೀನು ಸುತ್ತಿಸು ಸಿಸ್ಟರ್," ಎಂದಳು ಎಫುವಾ ತನ್ನ ಇಂಗ್ಲಿಷಿನಲ್ಲಿ.

ಹುರಿದ ಕಡಲೆಕಾಯಿಯನ್ನು ಬೆಣ್ಣೆಯಂತೆ ನುಣ್ಣಗೆ ಮಾಡಿ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ, ಫೆಲ್ಸಿಯ ತಾಯಿ ಕಳಿಸಿದ್ದ ಒಣಮೀನಿನ ಕೊನೆಯ ತುಂಡುಗಳನ್ನು ಅದಕ್ಕೆ ಹಾಕಿದಳು. ಗೆಣಸು ಸಿಗದಿದ್ದುದರಿಂದ ರವೆಯನ್ನೇ ಕುದಿನೀರಿನಲ್ಲಿ ಬಡಿದು ಬಡಿದು ಉಂಡೆ ಕಟ್ಟಿದಳು. ನಾನು ಉಂಡೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದೆ.

"ಬ್ರದರ್ ಅಗಿಯಲಿಲ್ಲ!" ಎಂದು ಅವಳು ಕೂಗಿದಳು. "ಯಾರು ಕಲಿಸಿದ್ದು?"

ಕೋಲಾರದವನಿಗೆ ಮುದ್ದೆ ನುಂಗಲು ಯಾರೂ ಕಲಿಸಬೇಕಾಗಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ; ಇನ್ನೊಂದು ಉಂಡೆ ಹಾಕಿದಳು.

ಐದು ದಿನ ಫೆಲ್ಸಿ ಕನ್ನಡ ಪಾಠ ಹೇಳಿದಳು. ಹೆಸರು, ಊರು, ಅಮ್ಮನ ಹೆಸರು, ಅನ್ನ, ಚಟ್ನಿ ಅರೆಯೋದು, ಮೀನು ಸಾರು. ಕೇಳಿದ್ದಕ್ಕೆಲ್ಲ ಎಫುವಾ ತಪ್ಪಿಲ್ಲದೆ ಉತ್ತರಿಸಿದಳು.

ಪಟ್ಟಿ ನೋಡುವ ಮೇಜು ಒಂದು ಶಾಲೆಯ ಜಗಲಿಯಲ್ಲಿತ್ತು. ಕುಳಿತಿದ್ದವರೊಬ್ಬರು, ಹಳಿಯಾಳದ ಪಕ್ಕದ ಯಲ್ಲಾಪುರದ ಕಡೆಯವರು. ಕುವೈತಿನಲ್ಲಿ ಲಕ್ಷಾಂತರ ಭಾರತೀಯರಿದ್ದರು. ನಮಗೆ ಸಿಕ್ಕವರು ಇವರು.

"ಸಿದ್ದಿಯಾ? ನಮ್ಮ ಮನೆ ಕೆಲಸಕ್ಕೂ ಬರ್ತಾರೆ," ಎಂದು ಅವರು ಸಂತೋಷದಿಂದಲೇ ಶುರು ಮಾಡಿದರು. ಹೆಸರು, ಊರು ಕೇಳಿದರು. ಸರಿಯಾಯಿತು. "ಮನೇಲಿ ಅಮ್ಮ ಏನು ಮಾಡ್ತಿದ್ಲು ತಂಗಿ?"

"ಅನ್ನ. ಚಟ್ನಿ. ಮೀನು ಸಾರು."

"ಚಟ್ನಿ ಅರೆಯೋದು ಹ್ಯಾಗೆ? ತೋರಿಸು ನೋಡೋಣ."

ಎಫುವಾಳ ಮುಖ ಅರಳಿತು. ಇಷ್ಟು ಹೊತ್ತಿಗೆ ಅವಳಿಗೆ ನಿಜವಾಗಿ ಉತ್ತರ ಗೊತ್ತಿದ್ದ ಒಂದು ಪ್ರಶ್ನೆ ಬಂದಿತ್ತು. ಮೊಣಕೈಗಳೆರಡೂ ಮೇಲೆದ್ದವು. ಗಾಳಿಯಲ್ಲಿ ತೊಟ್ಟಿಲು ತೂಗಿತು.

ಫೆಲ್ಸಿ ಕಣ್ಣು ಮುಚ್ಚಿದಳು. ನಾಲಿಗೆಗೆ ಐದು ದಿನ ಪಾಠ ಹೇಳಿದ ನಾವು ಕೈಗಳನ್ನು ಮರೆತಿದ್ದೆವು.

"ನಮ್ಮ ಕಡೆ ಹಾಂಗೆ ಅರೆಯೋದಿಲ್ಲ," ಎಂದರು ಅವರು, ಸ್ವಲ್ಪ ಬೇಸರದಿಂದಲೇ. ಆಮೇಲೆ ನನ್ನತ್ತ ತಿರುಗಿದರು. "ಸಹಿ ನಿಮ್ಮದು. ಸುಳ್ಳು ಸಹಿ ಹಾಕಿದವರೂ ಬಸ್ಸು ಹತ್ತೋ ಹಾಗಿಲ್ಲ. ಇವಳು ನಿಮಗೆ ಗೊತ್ತಾ?"

ಬಸ್ಸಿನ ಎಂಜಿನ್ನು ಆಗಲೇ ಓಡುತ್ತಿತ್ತು. ಫೆಲ್ಸಿ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಹೇಳಿದೆ:

"ಬರೆಯುವಾಗ ತಪ್ಪಾಯ್ತು ಸಾರ್. ನನಗೆ ಗೊತ್ತಿಲ್ಲ."

ಅವರು ಅವಳ ಹೆಸರಿನ ಮೇಲೆ ಸ್ಕೇಲು ಇಟ್ಟು ನೇರವಾಗಿ ಗೆರೆ ಎಳೆದರು. ಫೆಲ್ಸಿ ನನ್ನತ್ತ ನೋಡಲಿಲ್ಲ, ಬಸ್ಸನ್ನೂ ಹತ್ತಲಿಲ್ಲ. ಎಫುವಾಳ ಕೈ ಹಿಡಿದು ಗೇಟಿನ ಕಡೆಗೆ ನಡೆದಳು. ಎಫುವಾಳಿಗೆ ಹೆಚ್ಚು ಕನ್ನಡ ಗೊತ್ತಿರಲಿಲ್ಲವಾದರೂ "ಗೊತ್ತಿಲ್ಲ" ಗೊತ್ತಿತ್ತು. ಫೆಲ್ಸಿಯ ಪಾಠ ಆ ಮಾತಿನಿಂದಲೇ ಶುರುವಾಗಿತ್ತು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ದಾರಿಗೆಂದು ತಂದಿದ್ದ ಟಿಫಿನ್ ಡಬ್ಬಿಯನ್ನು ನನ್ನ ಪಟ್ಟಿಯ ಮೇಲಿಟ್ಟಳು.

ಮೂರನೆಯ ದಿನ, ಜೋರ್ಡಾನ್ ಗಡಿಯ ಮರಳಿನಲ್ಲಿ, ನೀರಿಗಾಗಿ ಜನ ಹೊಡೆದಾಡುತ್ತಿದ್ದಾಗ ಡಬ್ಬಿ ತೆರೆದೆ. ಸಾರು ಹುಳಿತಿತ್ತು. ಉಂಡೆ ಕಲ್ಲಾಗಿತ್ತು. ಅಂದು ಅಗಿಯದೆ ನುಂಗಲು ಆಗಲಿಲ್ಲ. ಅಗಿದೆ.