ನಾಕು ಬೆರಳಿನ ಬಾರು

ಠಣ್ ಅನ್ನಬೇಕಿತ್ತು, ದಪ್ ಅಂತು — ರಿಪೇರಿ ಅಂಗಡಿ ದಾದಾಪೀರ್ ಅಪ್ಪನ ಬಂದೂಕಿನ ನಳಗಿಯೊಳಗ ಗಜ ಇಳಿಸಿದ್ದ, ಕಬ್ಬಿಣದ ಗಜ, ಖಾಲಿ ಬಂದೂಕಿನ ತಳಕ್ಕ ಬಡಿದ್ರ ಠಣ್ ಅಂತ ಗಂಟಿ ಬಾರಿಸಿದಂಗ ಆಗತೈತಿ, ನನಗೇನು ಹೊಸದಾ, ಗುಡೇಕೋಟಿ ಗುಡ್ಡದ ಬುಡದಾಗ ಬೆಳದಾಕಿ ನಾನು, ಆದ್ರ ಇದು ದಪ್ ಅಂತು, ಹಿಟ್ಟಿನ ಚೀಲಕ್ಕ ಕೋಲು ಚುಚ್ಚಿದಂಗ, ಮತ್ತ ಗಜ ಪೂರಾ ಒಳಗ ಹೋಗಲೇ ಇಲ್ಲ, ನಳಗಿ ಬಾಯಿಂದ ನಾಕು ಬೆರಳು ಮ್ಯಾಲ ನಿಂತುಬಿಡ್ತು. ದಾದಾಪೀರ್ ಕೈ ಬಿಟ್ಟ, ಹಿಂದಕ್ಕ ಸರಿದ, ಅಕ್ಕಾರ, ಇದು ಬಾರಾಗೈತ್ರಿ, ಒಳಗ ಮದ್ದು ಐತಿ. ಐತಿ ಅಂದ್ರ ಹೆಂಗ ಐತಿ, ಅಪ್ಪ ಸತ್ತು ಎಷ್ಟು ದೀಪಾವಳಿ ಹೋದುವು, ಅದನ್ನ ಮುಟ್ಟಿದೋರು ಯಾರು, ನನ್ನ ತಮ್ಮ ಹಾಲಸ್ವಾಮಿ ಅಂತೂ ಪಟಾಕಿಗೆ ಕಿವಿ ಮುಚ್ಚಿಕೊಳ್ಳೋ ಅಂಜುಬುರುಕ, ಗೋಣಿಚೀಲದಾಗ ಸುತ್ತಿ ಅಟ್ಟಕ್ಕ ಒಗದಿದ್ದ, ತಗೊಂಡು ಹೋಗಕ್ಕ ಪೀಡಾ ತೊಲಗಲಿ ಅಂದ, ನಾನು ಕೂಡ್ಲಿಗಿತನ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಬಂದೆ, ಕೂಸು ಹೊತ್ತಂಗ, ಬಾರಾಗಿದ್ದನ್ನ! ಅಯ್ಯ ಶಿವನ. ಗಂಡನ ಮನಿ ತಂಬ್ರಹಳ್ಳಿ ಹೊಲಕ್ಕ ಹಂದಿ ಕಾಟ ಅಂತ ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿಕೊಂಡೆ, ಮನಿಯವರು ನಕ್ಕರು, ಮೊಮ್ಮಕ್ಕಳು ಆಡಿಸೋ ವಯಸ್ಸಿನಾಗ ನಿನಗ ಬಂದೂಕಿನ ಹುಚ್ಚೇನ ಕೊಟ್ರಬಸಮ್ಮ ಅಂತ, ನಗಲಿ, ಹಂದಿ ಒಂದು ನೆಪ, ಖರೇ ಅಂದ್ರ ನನಗ ಆ ವಾಸನಿ ಬೇಕಾಗಿತ್ತು, ಹಾರಿಸಿದ ಮ್ಯಾಲ ಬಿಳಿ ಹೊಗಿ ಶೇಂಗಾ ಹೊಲದ ಮ್ಯಾಲ ತೇಲ್ತಿತ್ತಲ್ಲ, ಮೂಗಿನಾಗ ಗಂಧಕ, ನಾಲಿಗಿ ಮ್ಯಾಲ ಉಪ್ಪು. ಸಣ್ಣಾಕಿದ್ದಾಗ ಮದ್ದಿಗೆ ಎಕ್ಕಿಗಿಡ ಸುಟ್ಟು ಇದ್ದಲಿ ಮಾಡೋದು ನನ್ನ ಕೆಲಸ, ಕುಟ್ಟೋದು ನನ್ನ ಕೆಲಸ, ಮಾರಿ ತುಂಬ ಮಸಿ, ಅವ್ವ ಬಯ್ಯೋಳು, ಹೆಣ್ಣುಹುಡುಗಿನ್ನ ಕರಡಿ ಮಾಡೀರಿ, ಅಪ್ಪ ಅನ್ನೋನು, ಕರಡಿನ್ನ ಓಡಿಸಾಕ ಕರಡಿನ ಬೇಕಲೇ. ಹೊಲಕ್ಕ ಕರಡಿ ಇಳಿದ್ರ ಮ್ಯಾಲಕ್ಕ ಹಾರಿಸಬೇಕು, ಸಪ್ಪಳಕ್ಕ ಅದು ಗುಡ್ಡ ಹತ್ತಬೇಕು, ಅಷ್ಟ. ಮದ್ದು ಹಾಕೋನು, ತೆಂಗಿನ ನಾರಿನ ಉಂಡಿ ಹಾಕೋನು, ಗಜ ಇಳಿಸಿ ಗುದ್ದೋನು, ಗಜ ಎಷ್ಟು ಮ್ಯಾಲ ನಿಂತ್ರ ಅಷ್ಟು ಬಾರು, ಬೆರಳಿಟ್ಟು ಅಳೆಯೋನು, ತನಗ ಆರು ಬೆರಳು — ನನಗ

ಇದ್ಯಾರ ಬಾರ್ರಿ ಅಕ್ಕಾರ, ದಾದಾಪೀರ್ ಬಗ್ಗಿ ನೋಡ್ತದಾನ, ಇಷ್ಟು ಕಮ್ಮಿ, ನಿಮ್ಮಪ್ಪಾರು ಆರು ಬೆರಳಿಗಿಂತ ಕೆಳಗ ಇಳಿಯೋರಲ್ಲ ಅಂತ ನಮ್ಮ ಅಬ್ಬಾ ಹೇಳ್ತಿದ್ರು. ಆ ಮರದ ಹಿಡಿಕಿ ಇವರ ಅಬ್ಬಾ ಶೇಖಾವಲಿ ಕೂಡಿಸಿದ್ದು, ನನ್ನ ಭುಜಕ್ಕ ಹತ್ತಲಿ ಅಂತ ಎರಡು ಸಲ ಕೆತ್ತಿಸಿದ್ದ ಅಪ್ಪ, ಬಂದೂಕು ಒದಿತೈತಿ, ಆರು ಬೆರಳು ತುಂಬಿದ್ರ ನಿನ್ನ ರೆಟ್ಟಿ ಉಳಿಯಂಗಿಲ್ಲ ಬಸಿ, ನಿನಗ ನಾಕು, ನಾಕ ಸಾಕು ಅನ್ನೋನು. ನಾಕು ನನಗ. ಈ ಭೂಮಿ ಮ್ಯಾಲ ನಾಕು ಬೆರಳಿನ ಬಾರು ನನ್ನೊಬ್ಬಾಕಿದು. ಮತ್ತ ಮದುವಿ ಆಗಿ ಮೊದಲನೇ ಪಂಚಮಿಗೆ ಬಂದಾಗ ಗೂಟಕ್ಕ ಕೈ ಹಾಕಿದೆ, ಬಂದೂಕು ಇಳಿಸಾಕ, ಅಪ್ಪ ಬಂದು ಕಸಗೊಂಡ, ಅಳಿಯಂದ್ರ ಮುಂದ, ಇಡು, ಕೊಟ್ಟ ಮನಿಯೋರು ಏನಂದಾರು, ಇನ್ನ ನಿನಗ್ಯಾಕ ಇದು. ಅವತ್ತಿನಿಂದ ಆ ಗೋಡಿ ಕಡಿ ಮಾರಿ ಮಾಡಲಿಲ್ಲ ನಾನು, ಬಂದ್ರ ಉಂಡೆ, ಎದ್ದೆ, ಹೋದೆ, ಅಪ್ಪ ಏನರ ಕೇಳಿದ್ರ ಹ್ಞೂಂ, ಹೂಂಹೂಂ, ನನ್ನ ಸಿಟ್ಟು ನನಗ ದೊಡ್ಡದು, ಹಾಳಾದ ಸಿಟ್ಟು, ಮೂಗಿನ ಮ್ಯಾಲ ಇಟ್ಕೊಂಡ ಹುಟ್ಟಿದ್ದೆ. ಆಮ್ಯಾಲ ಆ ಫೋನು. ಅಪ್ಪನ ಕಡೀ ವರ್ಷದ ಫೋನು. ಒಲಿ ಮ್ಯಾಲ ಹಾಲು ಉಕ್ಕತಿತ್ತು, ಕಿವಿ ಭುಜದ ನಡುವ ಫೋನು ಒತ್ತಿ ಹಿಡಿದಿದ್ದೆ, ಪಂಚಮಿಗೆ ಬಾ ಅವ್ವಾ, ನಿನಗ ಅಂತ ಒಂದು ಇಟ್ಟೀನಿ, ಏನು, ಬಾ ಹೇಳ್ತೀನಿ, ಸೀರಿ ಆದ್ರ ಹಾಲಸ್ವಾಮಿ ಕೈಯಾಗ ಕಳಿಸು ಅಂದೆ, ನಕ್ಕ, ಅಪ್ಪ ನಕ್ಕ, ಅದು ಕಳಿಸಾಕ ಬರಂಗಿಲ್ಲ ಬಸಿ, ನೀನ ಬರಬೇಕು. ನೋಡ್ತೀನಿ ಬಿಡು ಅಂದೆ. ಹಾಲು ಇಳಿಸಿದೆ. ಹೋಗಲಿಲ್ಲ. ದೀಪಾವಳಿಗೆ ಸುದ್ದಿ ಬಂತು, ಹೋದೆ, ಆಗ ಅಪ್ಪ ಗೋಡಿಗೆ ಒರಗಿ ಕುಂತಿದ್ದ, ಹೂವಿನ ಹಾರ ಹಾಕಿದ್ರು, ಆ ಗೂಟದ ಕೆಳಗ, ಬಂದೂಕು ಅಲ್ಲೇ ತೂಗತಿತ್ತು, ಅವನ ತಲಿ ಮ್ಯಾಲ, ತುಂಬಿಕೊಂಡು.

ಹಾರಿಸಿಬಿಡ್ಲಾ ದಾದಾಪೀರ, ಒಂದ ಸಲ, ಕೇಪು ಹಚ್ಚಿ ಕುದುರಿ ಎಳದುಬಿಡ್ತೀನಿ ಅಂದೆ, ನಾನ ಅಂದೆನಾ, ನನ್ನ ದನಿ ನನಗ ಬ್ಯಾರೆಯಾರದೋ ಅನಿಸ್ತು. ಅಲ್ಲಾ ಅಲ್ಲಾ, ಹುಚ್ಚರಂಗ ಮಾತಾಡಬ್ಯಾಡ್ರಿ ಅಕ್ಕಾರ, ನಳಗಿ ಒಳಗ ತುಕ್ಕು ತಿಂದೈತಿ, ಒಡದು ಮಾರಿಗೆ ಬಡಿತೈತಿ, ನೀರು ಹಾಕಿ ಮದ್ದು ಕೊಲ್ಲಬೇಕು, ಆಮ್ಯಾಲ ತಿರುಪು ಚುಚ್ಚಿ ನಾರು ಕಿತ್ತು ತಗೀತೀನಿ, ತೊಳದು ಕೊಡ್ತೀನಿ, ಹೊಸಾ ಬಾರು ಹಾಕ್ರಿ, ಎಷ್ಟು ಬೇಕಾದ್ರೂ ಹಾರಿಸ್ರಿ. ಹೊಸಾ ಬಾರು ನಾನ ಹಾಕಬೇಕು, ಆರು ಬೆರಳು ಹಾಕಿದ್ರೂ ತಡಕೊಂತೈತಿ ಈಗ ಈ ರೆಟ್ಟಿ, ಎಮ್ಮಿ ರೆಟ್ಟಿ ಆಗೈತಿ, ಆದ್ರ ಅಪ್ಪಗ ನಾನಿನ್ನೂ ನಾಕು ಬೆರಳಿನಾಕಿ, ಮುದುಕ, ಕೈ ನಡುಗತಿದ್ದುವು ಕಡೀಕ, ಚಾದ ಕಪ್ಪು ಹಿಡಿಯಾಕ ಬರ್ತಿರಲಿಲ್ಲ, ಹೆಂಗ ತುಂಬಿದ್ಯೋ, ಚೆಲ್ಲಿರಬೇಕು, ಮತ್ತ ಬಳದಿರಬೇಕು, ಗಜ ಇಳಿಸಿ ಬೆರಳಿಟ್ಟು ಅಳದಿರಬೇಕು, ಹೆಚ್ಚಾಗಬಾರದು ಮಗಳಿಗೆ ನೋವಾದೀತು ಅಂತ, ಆಮ್ಯಾಲ ಕಟ್ಟಿ ಮ್ಯಾಲ ಕುಂತು ಕೂಡ್ಲಿಗಿ ಬಸ್ಸು ನೋಡಿರಬೇಕು. ಸೀರಿ ಅನಕೊಂಡೆನಲ್ಲೋ ಅಪ್ಪಾ. ದಾದಾಪೀರ್ ಚೊಂಬು ತಂದಾನ, ನಳಗಿ ಬಾಯಿಗೆ ಹಿಡದಾನ, ಬಗ್ಗಿಸಿಲ್ಲ, ನನ್ನ ಮಾರಿ ನೋಡ್ತದಾನ, ಹಾಕ್ಲೇನ್ರಿ ಅಕ್ಕಾರ, ಹ್ಞೂಂ ಅನ್ನಬೇಕು, ಅಂದ್ರ ಮುಗೀತು, ಬರೇ ಕರೀ ನೀರು, ಹೂಂಹೂಂ ಅಂದ್ರೂ ಏನೈತಿ, ಗಜ ನಿಂತೈತಿ, ಹಾಕ್ಲೇನ್ರಿ, ನಳಗಿ ಬಾಯಿ ಮ್ಯಾಲ, ಅಲ್ಲಾಡವಲ್ದು, ನಾಕು ಬೆರಳು, ನಾಕ ನಾಕು ಬೆರಳು —