ಎರಡು ಆಸರೆಗೆ ಒಮ್ಮತ

ಟೈಲರಮ್ಮನ ಅಂಗಡಿಯ ಮೂಲೆಯ ಕಂಬ ಬಿರುಕು ಬಿಟ್ಟಿತ್ತು. ಅದಕ್ಕೆ ಒತ್ತಿಕೊಂಡೇ ಒಳಕೋಣೆ, ಕೋಣೆಯಲ್ಲಿ ಅವಳ ಅಮ್ಮನ ಮಂಚ. ಇಲ್ಲೇ ಇರಬಹುದೋ, ಗಂಟುಮೂಟೆ ಕಟ್ಟಬೇಕೋ, ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಬೇಕಾದದ್ದು ಅವಳೂ ಮೇಲಿನ ಮೂರು ಮಹಡಿಯವರೂ ಸೇರಿದ ಕಟ್ಟಡದ ಸಂಘ. ಎಲ್ಲರೂ ಕೈ ಎತ್ತದೆ ಅಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಮೆಟ್ಟಿಲಿಗೆ ಯಾವ ಬಣ್ಣವೆಂದು ಒಪ್ಪುವಷ್ಟರಲ್ಲಿ ಮೆಟ್ಟಿಲೇ ಸವೆದುಹೋಗಿತ್ತು.

ಮೊದಲು ಬಂದ ಎಂಜಿನಿಯರ್ ಬಿರುಕಿಗೆ ಬೆರಳಿಟ್ಟು ನೋಡಿದ. "ಗಾರೆ ಮಾತ್ರ ಒಡೆದಿರೋ ಹಾಗಿದೆ, ಏನೂ ಬೇಡ. ಆದ್ರೆ ಖಚಿತವಾಗಿ ಹೇಳೋಕಾಗಲ್ಲ."

ಎರಡನೆಯವನು ಸುತ್ತಿಗೆಯಿಂದ ತಟ್ಟಿದ. "ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. ಆಸರೆಗೆ ನಾಲ್ಕು ಉಕ್ಕಿನ ಕಂಬ ಕೊಡಿ. ಕೊಡದೇ ಇದ್ರೂ ನಿಂತೀತೇನೋ."

ಸಭೆಯ ಮೇಲೆ ಸಭೆ ನಡೆಯಿತು. ಬೇಡವೆಂದವರು ಮೊದಲನೆಯವನ ಮಾತಿಗೆ, ಬೇಕೆಂದವರು ಎರಡನೆಯವನ ಮಾತಿಗೆ ಜೋತುಬಿದ್ದರು. ತಮಗೂ ಸರಿಯಾಗಿ ಗೊತ್ತಿಲ್ಲವೆಂದು ಇಬ್ಬರೂ ಹೇಳಿದ್ದು ಮಾತ್ರ ಯಾರ ಕಿವಿಗೂ ಬಿದ್ದಿರಲಿಲ್ಲ. ಟೈಲರಮ್ಮನಿಗೆ ತಲೆ ಚಿಟ್ಟು ಹಿಡಿದುಹೋಯಿತು.

ಕೊನೆಗೆ ಸಂಘದ ಅಧ್ಯಕ್ಷರು, ನಿವೃತ್ತ ಲೆಕ್ಕದ ಮೇಷ್ಟ್ರು, ಗಂಟಲು ಸರಿಪಡಿಸಿಕೊಂಡರು. "ಒಬ್ರು ಒಂದೂ ಬೇಡ ಅಂತಾರೆ, ಇನ್ನೊಬ್ರು ನಾಲ್ಕು ಬೇಕು ಅಂತಾರೆ. ಎರಡು ಹಾಕಿಸಿಬಿಡೋಣ. ಯಾರಿಗೂ ಬೇಜಾರಿಲ್ಲ."

ಕೈಗಳು ಪಟಪಟನೆ ಮೇಲೆದ್ದವು.

"ಸಾರ್, ಎರಡು ಸಾಕು ಅಂತ ಯಾರು ಹೇಳಿದ್ರು?" ಎಂದಳು ಟೈಲರಮ್ಮ. "ನಾಲ್ಕು ಬೇಕಾಗಿದ್ರೆ ಎರಡು ಸಾಲಲ್ಲ. ಬೇಡವಾಗಿದ್ರೆ ಎರಡೂ ದಂಡ."

"ಎಲ್ಲ ಕೂಡಿ ಬರೋ ಹೊತ್ತಿಗೆ ನಿಂದೊಂದು ತಕರಾರು," ಎಂದು ಮೇಲ್ಮಹಡಿಯ ದೊಡ್ಡಮ್ಮ ಗೊಣಗಿದರು. "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಕಣಮ್ಮಾ!"

ಎಲ್ಲರ ಕಣ್ಣೂ ಅವಳ ಮೇಲೆ. ಬೇಸತ್ತು ಅವಳೂ ಕೈ ಎತ್ತಿದಳು. ಚಪ್ಪಾಳೆ ಬಿತ್ತು. ಕೆಳಗಿಳಿದು ಬರುವಾಗ ಅವಳಿಗೆ ತನ್ನ ಮೇಲೇ ರೇಗಿಹೋಗಿತ್ತು.

ಎರಡನೆಯ ಎಂಜಿನಿಯರೇ ಆಳುಗಳೊಂದಿಗೆ ಬಂದು ಎರಡು ಕಂಬ ನಿಲ್ಲಿಸಿದ. ಹೊಲಿಗೆ ಯಂತ್ರ ಬಾಗಿಲ ಬಳಿಗೆ ಸರಿಯಿತು.

"ನಿಜ ಹೇಳಪ್ಪಾ, ಇಷ್ಟು ಸಾಕಾ?" ಎಂದು ಅವಳು ಕೇಳಿದಳು.

"ನನಗೂ ಅನುಮಾನ ಇತ್ತಕ್ಕಾ," ಎಂದು ಅವನು ಕೈ ಒರೆಸಿಕೊಂಡ. "ಆದ್ರೆ ಅಷ್ಟೂ ಜನ ಒಪ್ಪಿದ್ದಾರೆ ಅಂದ್ಮೇಲೆ ಧೈರ್ಯ ಬಂತು. ಮೊದಲು ಬಂದಿದ್ರಲ್ಲ, ಅವರೂ ಈಗ ಇದೇ ಸರಿ ಅಂತಿದ್ದಾರೆ."

ಟೈಲರಮ್ಮ ಸರಸರನೆ ಒಳಗೆ ಹೋಗಿ ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು.

"ಎಲ್ಲಿಗೇ?" ಎಂದಳು ಅಮ್ಮ. "ಎಲ್ಲರೂ ಒಪ್ಪಿದ್ರಂತಲ್ಲ?"

"ಹೂಂ ಅಮ್ಮಾ, ಒಬ್ರೂ ಬಿಡದೆ ಒಪ್ಪಿದ್ರು. ಅದಕ್ಕೇ ಏಳು, ಹೊರಡೋಣ."